ಮಾಮಾ ಎಣಿಸಿದ ಬ್ರೇಕು

"ತೊಂಬತ್ತೊಂದು" ಅಂದರು ಮಾಮಾ.

ಪುಣೆಯ ಬಾಣೇರ್‌ನ ಫಿಸಿಯೋಥೆರಪಿ ಕ್ಲಿನಿಕ್ ಮುಂದೆ ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದಿದ್ದೆ ಅಷ್ಟೇ. ಏನು ತೊಂಬತ್ತೊಂದು ಅಂತ ನನಗೆ ಹೊಳೆಯಲಿಲ್ಲ. ಅವರ ಬಲಗೈ ಹೆಬ್ಬೆರಳು ಕಿರುಬೆರಳಿನ ಗೆಣ್ಣಿನ ಮೇಲೆ ಇನ್ನೂ ಒತ್ತಿಕೊಂಡೇ ಇತ್ತು. ಜಪ ಎಣಿಸುವವರು ಹಿಡಿಯುತ್ತಾರಲ್ಲ, ಹಾಗೆ.

"ವಾರಜೆಯಿಂದ ಇಲ್ಲೀತನಕ ತೊಂಬತ್ತೊಂದು ಸಲ ಬ್ರೇಕ್ ಒತ್ತೀದಿ ತಮ್ಮಾ. ಗೊತ್ತೈತೇನು ನಿನಗ?"

ಗೊತ್ತಿರಲಿಲ್ಲ. ಯಾರಿಗೆ ಗೊತ್ತಿರುತ್ತದೆ ಹೇಳಿ. ಹತ್ತು ಹನ್ನೊಂದು ಕಿಲೋಮೀಟರ್ ದಾರಿ. ಆರು ವರ್ಷದಿಂದ ದಿನಾ ಅದೇ ದಾರಿಯಲ್ಲಿ ಹಿಂಜವಡಿಯ ಆಫೀಸಿಗೆ ಹೋಗುತ್ತೇನೆ. ಉಸಿರಾಡಿದ್ದನ್ನು ಎಣಿಸದ ಹಾಗೆ ಬ್ರೇಕನ್ನೂ ಎಣಿಸಿರಲಿಲ್ಲ.

ಮಾಮಾ ಅಂದರೆ ನನ್ನ ತಾಯಿಯ ತಮ್ಮ. ಹುಬ್ಬಳ್ಳಿಯವರು. 31 ವರ್ಷ ಸಾರಿಗೆ ಬಸ್ ಓಡಿಸಿ ನಿವೃತ್ತರಾದವರು. ಕ್ಲಚ್ ಒತ್ತಿ ಒತ್ತಿ ಎಡ ಮೊಣಕಾಲು ಸವೆದು ಹೋಗಿತ್ತು. ಪುಣೆಯಲ್ಲಿ ಆಪರೇಷನ್ ಆಯಿತು. ಆಮೇಲೆ ಎರಡು ತಿಂಗಳು ನಮ್ಮ ಮನೆಯಲ್ಲೇ ಇದ್ದರು. ವಾರಕ್ಕೆ ಮೂರು ದಿನ ಫಿಸಿಯೋಥೆರಪಿ. ಆಫೀಸಿಗೆ ಹೋಗುವಾಗ ನಾನು ಬಿಡುವುದು, ಅವರು ರಿಕ್ಷಾ ಮಾಡಿಕೊಂಡು ವಾಪಸ್ ಬರುವುದು ಅಂತ ಗೊತ್ತಾಗಿತ್ತು.

ಇಲ್ಲೊಂದು ತಮಾಷೆ ಇದೆ. ಪುಣೆಯಲ್ಲಿ ಟ್ರಾಫಿಕ್ ಪೊಲೀಸರಿಗೂ ಮಾಮಾ ಅಂತಲೇ ಹೆಸರು. ರಾಂಗ್ ಸೈಡಿನಲ್ಲಿ ಬರುವ ಹುಡುಗ ಎದುರಿನಿಂದ ಬರುವ ಇನ್ನೊಬ್ಬ ಹುಡುಗನಿಗೆ "ಪುಢೇ ಮಾಮಾ ಆಹೇ", ಮುಂದೆ ಮಾಮಾ ಇದ್ದಾನೆ, ಅಂತ ಕೂಗಿ ಹೇಳುತ್ತಾನೆ. ಇಬ್ಬರೂ ಗಾಡಿ ತಿರುಗಿಸುತ್ತಾರೆ. ಚೌಕದ ಮಾಮಾನಿಂದ ತಪ್ಪಿಸಿಕೊಳ್ಳುವುದು ಈ ಊರಿನವರಿಗೆಲ್ಲ ಗೊತ್ತು. ನನ್ನ ಮಾಮಾ ಪಕ್ಕದ ಸೀಟಿನಲ್ಲೇ ಬೆಲ್ಟ್ ಹಾಕಿಕೊಂಡು ಕೂತಿದ್ದರು.

ಮೊದಲ ದಿನ ಅವರು ಮಾಡಿದ ಮೊದಲ ಕೆಲಸ ಎಡಗಡೆ ಕನ್ನಡಿ ಬಿಚ್ಚಿದ್ದು. ಅದು ಮಡಚಿಯೇ ಇತ್ತು. ಬೈಕಿನವರು ತಾಗಿಸಿಕೊಂಡು ಹೋಗುತ್ತಾರೆ ಅಂತ ಯಾವತ್ತೋ ಮಡಚಿದ್ದು, ಹಾಗೇ ಉಳಿದಿತ್ತು. ಮಾಮಾ ಗಾಜು ಇಳಿಸಿ, ಕೈ ಹೊರಗೆ ಹಾಕಿ ಅದನ್ನು ತೆರೆದರು. ಕನ್ನಡಿಗೂ ಅದರ ಗೂಡಿಗೂ ನಡುವೆ ಜೇಡ ಬಲೆ ಕಟ್ಟಿತ್ತು. ಮಾಮಾ ಏನೂ ಅನ್ನಲಿಲ್ಲ. ಕರವಸ್ತ್ರ ತೆಗೆದು ಬಲೆ ಒರೆಸಿದರು, ಮಡಚಿ ಜೇಬಿಗಿಟ್ಟುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಗಾಜು ಮಾತ್ರ ಮತ್ತೆ ಏರಿಸಲಿಲ್ಲ. ಎಸಿ ಅವರಿಗೆ ಆಗಿಬರುವುದಿಲ್ಲ.

ನಾನು ಕೆಟ್ಟ ಡ್ರೈವರ್ ಅಲ್ಲ ಅಂತಲೇ ನನ್ನ ನಂಬಿಕೆ ಆಗಿತ್ತು. ಕುಡಿದು ಓಡಿಸಿಲ್ಲ. ಸಿಗ್ನಲ್ ಮುರಿದಿಲ್ಲ (ಹಳದಿಗೆ ಒಂದಿಷ್ಟು ಸಲ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು). ನನ್ನದು ಚುರುಕು ಡ್ರೈವಿಂಗ್ ಅಂದುಕೊಂಡಿದ್ದೆ. ಜಾಗ ಕಂಡರೆ ನುಗ್ಗುವುದು. ಮುಂದಿನವನು ತೂಕಡಿಸುತ್ತಿದ್ದರೆ ಡಿಪ್ಪರ್ ಹೊಡೆಯುವುದು. ಹೋಗದಿದ್ದರೆ ಎಡದಿಂದ ಕಟ್ ಹೊಡೆದು ಮತ್ತೆ ಬಲಕ್ಕೆ ಬರುವುದು. ಬಾಣೇರ್ ಎಕ್ಸಿಟ್ ಬರುವವರೆಗೂ ಬಲ ಲೇನಿನಲ್ಲೇ ಇದ್ದು, ಕೊನೇ ಗಳಿಗೆಯಲ್ಲಿ ಎರಡು ಲೇನ್ ಅಡ್ಡ ದಾಟಿ ಇಳಿಯುವುದು. ಎಲ್ಲರೂ ಮಾಡುವುದೇ, ಅಲ್ವಾ? ಒರಟುತನ ಅಂತ ಇದಕ್ಕೆ ಯಾರೂ ಹೆಸರಿಡುವುದಿಲ್ಲ. ಬೇರೆಯವರು ಮಾಡಿದರೆ ಮಾತ್ರ ಆ ಹೆಸರು.

ಮಾಮಾಗೆ ಬ್ರೇಕಿನ ಲೆಕ್ಕ ಎಲ್ಲಿಂದ ಬಂತು ಅಂದರೆ ಡಿಪೋದಿಂದ. ಬಸ್ ಡಿಪೋಗಳಲ್ಲಿ ಕೆಎಂಪಿಎಲ್ ಅಂತ ಒಂದು ಲೆಕ್ಕ ಇರುತ್ತದೆ, ಒಂದು ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಓಡಿತು ಅಂತ. ಪ್ರತಿ ಡ್ರೈವರ್‌ದೂ ಹೊರಬೀಳುತ್ತದೆ. ಅದೇ ಬಸ್ಸು, ಅದೇ ರೂಟು, ಆದರೂ ಇಬ್ಬರ ಅಂಕಿ ಬೇರೆ. ಯಾಕೆ? "ಬ್ರೇಕ್ ಒತ್ತೋದು ಅಂದ್ರ ಸುಟ್ಟ ಡೀಸೆಲ್ ಮತ್ತೊಮ್ಮೆ ಸುಟ್ಟಂಗ. ಮೊದಲ ವೇಗ ಮಾಡಾಕ ಸುಡ್ತಿ, ಆಮ್ಯಾಲ ಆ ವೇಗಾನ ಬ್ರೇಕ್ ಲೈನರ್‌ನ್ಯಾಗ ಸುಡ್ತಿ" ಅಂತ ಮಾಮಾ ವಿವರಿಸಿದರು. ಭೌತಶಾಸ್ತ್ರದ ಮೇಷ್ಟ್ರು ಇದಕ್ಕಿಂತ ಚೆನ್ನಾಗಿ ಹೇಳುತ್ತಿರಲಿಲ್ಲ. ಅಪಘಾತ ಮಾಡದೆ ಓಡಿಸಿದ್ದಕ್ಕೆ ಸಂಸ್ಥೆ ಕೊಟ್ಟ ಬೆಳ್ಳಿ ಪದಕ ಅವರ ಮನೆಯ ಶೋಕೇಸಿನಲ್ಲಿದೆ. ಆದರೆ ಅವರು ಹೆಮ್ಮೆಯಿಂದ ಹೇಳಿಕೊಳ್ಳುವುದು ಕೆಎಂಪಿಎಲ್ ಬಗ್ಗೆ.

ಇನ್ನೊಂದು ಮಾತು ಹೇಳಿದರು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಬಸ್ಸಿನಲ್ಲಿ ಜೋರು ಬ್ರೇಕ್ ಹಾಕಿದರೆ ನಿಂತವರೆಲ್ಲ ಮುಂದಕ್ಕೆ ಬೀಳುತ್ತಾರೆ, ಮುದುಕಿಯೊಬ್ಬಳು ಡ್ರೈವರನ ವಂಶ ಜಾಲಾಡುತ್ತಾಳೆ. ಅಂದರೆ ಬ್ರೇಕಿನ ಪೆಟ್ಟು ಒಳಗಿನವರಿಗೇ ಬೀಳುತ್ತದೆ. ಕೂಡಲೇ ಬೈಗುಳ ಬರುತ್ತದೆ. ಡ್ರೈವರ್ ಕಲಿಯುತ್ತಾನೆ. ಕಾರಿನಲ್ಲಿ ಹಾಗಲ್ಲ. ನಾನು ಸೀಟ್ ಬೆಲ್ಟ್ ಹಾಕಿಕೊಂಡು ಆರಾಮಾಗಿರುತ್ತೇನೆ. ಪೆಟ್ಟು ಹಿಂದಿನ ಗಾಡಿಗೆ, ಅದರ ಹಿಂದಿನ ಗಾಡಿಗೆ ಹೋಗುತ್ತದೆ. ಅವರು ಬೈದರೂ ಎಸಿ ಹಾಕಿ ಹಾಡು ಹಚ್ಚಿದ ಕಾರಿನೊಳಗೆ ಕೇಳುವುದಿಲ್ಲ.

ಈ ಪೆಟ್ಟು ಹಿಂದೆ ಹಿಂದೆ ಹೋಗುವುದನ್ನು ಜಪಾನಿನವರು ಪ್ರಯೋಗ ಮಾಡಿ ತೋರಿಸಿದ್ದಾರೆ. ನಗೋಯಾದ ಸುಗಿಯಾಮಾ ಮತ್ತು ಅವರ ಜೊತೆಯವರ ಕೆಲಸ, 2008ರಲ್ಲಿ ಪ್ರಕಟವಾಯಿತು. 230 ಮೀಟರ್ ಸುತ್ತಳತೆಯ ಒಂದು ವೃತ್ತ, ಅದರ ಮೇಲೆ 22 ಕಾರು. ಎಲ್ಲರಿಗೂ ಒಂದೇ ಮಾತು: ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರಿ. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವ ಎಮ್ಮೆ ಇಲ್ಲ. ಸ್ವಲ್ಪ ಹೊತ್ತು ಚೆನ್ನಾಗಿಯೇ ಸುತ್ತಿದರು. ಆಮೇಲೆ ಯಾರೋ ಒಬ್ಬರು ಚೂರು ನಿಧಾನ ಆದರು. ಹಿಂದಿನವರು ಅದಕ್ಕಿಂತ ಒಂದು ಚೂರು ಜಾಸ್ತಿ ನಿಧಾನ. ಅವರ ಹಿಂದಿನವರು ಇನ್ನೂ ಜಾಸ್ತಿ. ನೋಡನೋಡುತ್ತ ಒಂದು ಕಡೆ ನಾಲ್ಕೈದು ಕಾರು ನಿಂತೇ ಹೋದವು. ಮುಂದಿನವು ಬಿಡಿಸಿಕೊಂಡು ಹೊರಟರೆ ಹಿಂದಿನಿಂದ ಹೊಸವು ಬಂದು ಸೇರುತ್ತಿದ್ದವು. ಕಾರುಗಳು ಮುಂದೆ ಹೋಗುತ್ತಿದ್ದರೆ ಜಾಮ್ ಮಾತ್ರ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಹೋಗುತ್ತಿತ್ತು.

ಅದರ ವಿಡಿಯೋವನ್ನು ರಾತ್ರಿ ಊಟ ಆದಮೇಲೆ ಮಾಮಾಗೆ ಮೊಬೈಲಿನಲ್ಲಿ ತೋರಿಸಿದೆ. ಎರಡು ಸಲ ನೋಡಿದರು.

"ಇದಕ್ಕ ಜಪಾನ್ ಯಾಕ ಬೇಕಾಗಿತ್ತು? ನಮ್ಮ ಪಿ.ಬಿ. ರೋಡಿಗೆ ಬಂದಿದ್ರ ಮುಗೀತಿತ್ತು" ಅಂದರು.

ಪಿ.ಬಿ. ರೋಡ್ ಅಂದರೆ ಪೂನಾ–ಬೆಂಗಳೂರು ರೋಡ್. ಹುಬ್ಬಳ್ಳಿ, ಧಾರವಾಡದಲ್ಲಿ ಬೆಳೆದ ನಮಗೆ ಅದೊಂದು ವಿಳಾಸ ಆಗಿತ್ತೇ ಹೊರತು ಆ 'ಪಿ' ಅನ್ನುವುದು ಒಂದು ಊರು ಅನ್ನುವುದು ಮರೆತೇ ಹೋಗಿತ್ತು. ಈಗ ನಾನು ಆ 'ಪಿ'ಯಲ್ಲೇ ಇದ್ದೇನೆ. ಹೆದ್ದಾರಿಗೆ ಎನ್‌ಎಚ್ 48 ಅಂತ ಹೊಸ ನಂಬರ್ ಬಂದಿದೆ. ಅದೇ ರಸ್ತೆ ನಮ್ಮ ಸೊಸೈಟಿ ಪಕ್ಕದಲ್ಲಿ ಹಾದು, ಚಾಂದಣಿ ಚೌಕ್, ಪಾಷಾಣ್, ಬಾಣೇರ್, ವಾಕಡ್ ದಾಟಿ ಮುಂಬೈ ಕಡೆ ಹೋಗುತ್ತದೆ. ದಿನಾ ಬೆಳಿಗ್ಗೆ ಈ ರಸ್ತೆಯಲ್ಲಿ ಎಲ್ಲೋ ಒಂದು ಕಡೆ ಸುಮ್ಮನೆ ನಿಲ್ಲುತ್ತೇವೆ. ಅಪಘಾತ ಆಗಿರಬೇಕು ಅಂದುಕೊಳ್ಳುತ್ತೇವೆ. ಹತ್ತು ನಿಮಿಷ ತೆವಳಿದ ಮೇಲೆ ದಾರಿ ತಾನಾಗಿ ಬಿಡಿಸಿಕೊಳ್ಳುತ್ತದೆ. ಅಲ್ಲಿ ಏನೂ ಇರುವುದಿಲ್ಲ. ಒಂದು ಚಪ್ಪಲಿ ಕೂಡ ಬಿದ್ದಿರುವುದಿಲ್ಲ. ಹತ್ತು ನಿಮಿಷದ ಹಿಂದೆ, ಒಂದು ಕಿಲೋಮೀಟರ್ ಮುಂದೆ, ನನ್ನಂಥ ಚುರುಕು ಮನುಷ್ಯ ಯಾವನೋ ಕಟ್ ಹೊಡೆದಿರುತ್ತಾನೆ. ಅವನು ಆಗಲೇ ಆಫೀಸಿನಲ್ಲಿ ಚಹಾ ಕುಡಿಯುತ್ತಿರುತ್ತಾನೆ.

ಎಲ್ಲಾ ಜಾಮ್‌ಗೂ ಇದೇ ಕಾರಣ ಅಂತ ಹೇಳುತ್ತಿಲ್ಲ. ಪುಣೆಯ ರಸ್ತೆಗಳಿಗೆ ಅವುಗಳದ್ದೇ ರೋಗಗಳಿವೆ. ಟಾಮ್‌ಟಾಮ್ ಕಂಪನಿಯ 2024ರ ಪಟ್ಟಿಯಲ್ಲಿ ನಿಧಾನದ ಊರುಗಳಲ್ಲಿ ಪುಣೆಗೆ ಜಗತ್ತಿನಲ್ಲೇ ನಾಲ್ಕನೇ ಸ್ಥಾನ. 10 ಕಿಲೋಮೀಟರ್‌ಗೆ ಸರಾಸರಿ 33 ನಿಮಿಷ 22 ಸೆಕೆಂಡ್. (ಮೂರನೆಯದು ಬೆಂಗಳೂರು. ಇಲ್ಲಿ ಕನ್ನಡಿಗರು ಸೇರಿದಾಗ ಇದನ್ನೂ ಒಂದು ಸಾಧನೆ ಅನ್ನುವ ಹಾಗೆ ಹೇಳಿಕೊಳ್ಳುತ್ತೇವೆ.) ಮೆಟ್ರೋ ಕೆಲಸ, ಗುಂಡಿ, ಎಲ್ಲೆಂದರಲ್ಲಿ ಸೇರುವ ಸರ್ವಿಸ್ ರೋಡು, ಬಲ ಲೇನಿನಲ್ಲೇ ಆನೆ ಹಾಗೆ ನಡೆಯುವ ಕಂಟೇನರ್. ಎಲ್ಲವೂ ನಿಜ. ಆದರೆ ರಸ್ತೆ ಇಕ್ಕಟ್ಟಾದಷ್ಟೂ ಒಬ್ಬನ ಒರಟುತನಕ್ಕೆ ಬೆಲೆ ಜಾಸ್ತಿ. ಖಾಲಿ ರಸ್ತೆಯಲ್ಲಿ ಕಟ್ ಹೊಡೆದರೆ ಯಾರಿಗೂ ತಟ್ಟುವುದಿಲ್ಲ. ತುಂಬಿದ ರಸ್ತೆಯಲ್ಲಿ ಹೊಡೆದರೆ ಹಿಂದಿನ ಇನ್ನೂರು ಮಂದಿಗೆ ತಟ್ಟುತ್ತದೆ. ಒಂದು ಲೇನಿನಲ್ಲಿ ಗಂಟೆಗೆ ಹೆಚ್ಚೆಂದರೆ ಎರಡು ಸಾವಿರದ ಆಸುಪಾಸು ಕಾರು ದಾಟಬಹುದು, ಅಂದರೆ ಕಾರಿಗೆ ಎರಡು ಸೆಕೆಂಡ್. ಅದೂ ಎಲ್ಲರೂ ಹರಿಯುತ್ತಿದ್ದರೆ. ಒಮ್ಮೆ ನಿಂತ ಸಾಲು ಮತ್ತೆ ಹೊರಡುವಾಗ ಅಷ್ಟು ಹರಿಯುವುದಿಲ್ಲ. ಒಬ್ಬೊಬ್ಬರೇ ಎಚ್ಚೆತ್ತು, ಗೇರ್ ಹಾಕಿ, ಕದಲಬೇಕು.

ಎರಡು ರಸ್ತೆ ಸೇರುವ ಜಾಗದಲ್ಲಂತೂ ಇದು ಕಣ್ಣಿಗೆ ಹೊಡೆಯುತ್ತದೆ. ಜಡೆ ಹೆಣೆಯುವ ಹಾಗೆ ಆಚೆಯದೊಂದು ಈಚೆಯದೊಂದು ಬಂದರೆ ಇಬ್ಬರೂ ಹರಿದು ಹೋಗುತ್ತಾರೆ. ನಾವು ಮಾಡುವುದು ಬೇರೆ. ಬಂಪರಿಗೆ ಬಂಪರ್ ಹಚ್ಚಿ, ಪಕ್ಕದವನ ಕಡೆ ನೋಡದೆ, ನೋಡಿದರೆ ಎಲ್ಲಿ ಬಿಡಬೇಕಾಗುತ್ತದೋ ಅಂತ ಮುಖ ನೆಟ್ಟಗಿಟ್ಟುಕೊಂಡು ಇಂಚಿಂಚು ತಳ್ಳುವುದು. ಇಬ್ಬರೂ ಮೂತಿಗೆ ಮೂತಿ ಕೊಟ್ಟು ನಿಲ್ಲುವುದು. ಹಿಂದೆ ಎಲ್ಲರೂ ಹಾರ್ನ್.

ಹಾರ್ನ್ ಅಂದಾಗ ನೆನಪಾಯಿತು. ಮುಂಬೈ ಟ್ರಾಫಿಕ್ ಪೊಲೀಸರು ಒಂದು ಸಲ ಒಳ್ಳೇ ಕಿತಾಪತಿ ಮಾಡಿದ್ದರು. ಕೆಲವು ಸಿಗ್ನಲ್‌ಗಳಿಗೆ ಸದ್ದು ಅಳೆಯುವ ಮೀಟರ್ ಕಟ್ಟಿ, ಹಾರ್ನ್ ಸದ್ದು 85 ಡೆಸಿಬಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿಂದ ಶುರು ಆಗುವ ಹಾಗೆ ಮಾಡಿದ್ದರು. 2020ರ ಜನವರಿಯಲ್ಲಿ ಆ ವಿಡಿಯೋ ಎಲ್ಲರ ವಾಟ್ಸ್ಯಾಪ್‌ನಲ್ಲೂ ಓಡಾಡಿತು. ಹಾರ್ನ್ ಹೊಡೆದಷ್ಟು ಹೊತ್ತು ಕಾಯಿರಿ! ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮೀಟರ್ ಇಲ್ಲದ ರಸ್ತೆಯಲ್ಲಿ ಆಗುತ್ತಿರುವುದೂ ಅದೇ ಅಂತ ಆಗ ಹೊಳೆದಿರಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ನಾನು ಬದಲಾದೆ ಅಂದುಕೊಳ್ಳಬೇಡಿ. ತೊಂಬತ್ತೊಂದು, ಎಂಬತ್ತೆಂಟು, ತೊಂಬತ್ತಾರು ಅಂತ ಮಾಮಾ ದಿನಾ ಸ್ಕೋರ್ ಹೇಳುತ್ತಿದ್ದರು. ನಾನು ನಗುತ್ತಿದ್ದೆ. ಎರಡನೇ ವಾರದ ಒಂದು ಬುಧವಾರದವರೆಗೆ.

ಅವತ್ತು ಒಂಬತ್ತೂವರೆಗೆ ಮೀಟಿಂಗ್ ಇತ್ತು. ಬಾಣೇರ್ ಎಕ್ಸಿಟ್ ಹತ್ತಿರ ಎಂದಿನಂತೆ ಬಲ ಲೇನಿನಲ್ಲಿದ್ದೆ. ಎಂದಿನಂತೆ ಕೊನೇ ಗಳಿಗೆಯಲ್ಲಿ ಎಡಕ್ಕೆ ಎಳೆದೆ. ಹಿಂದೆ ಒಂದು ಬಿಳಿ ಕಾರು ಕೀರ್ ಅಂತ ಬ್ರೇಕ್ ಹಾಕಿ, ಉದ್ದಕ್ಕೆ ಹಾರ್ನ್ ಹೊಡೆದು ಹೋಯಿತು. ಅದು ದಿನದ ಮಾತು. ನಾನು ಸರ್ವಿಸ್ ರೋಡಿಗೆ ಇಳಿದೆ.

"ನಿಲ್ಲಸು" ಅಂದರು ಮಾಮಾ.

"ಇನ್ನೂ ಬಂದಿಲ್ಲ ಮಾಮಾ, ಮುಂದ ಐತಿ."

"ನಿಲ್ಲಸು ಅಂದೆ. ಹಿಂದ ಯಾರೋ ಬಿದ್ದಾರ."

ನನಗೆ ಏನೂ ಕೇಳಿರಲಿಲ್ಲ. ಅವರ ಕಡೆಯ ಗಾಜು ಇಳಿದಿತ್ತು. ತಗಡು ಡಾಂಬರಿನ ಮೇಲೆ ಉಜ್ಜಿದ ಸದ್ದು ಅವರಿಗೆ ಕೇಳಿತ್ತು.

ಗಾಡಿ ಬದಿಗೆ ಹಾಕಿ ಹಿಂದೆ ನಡೆದೆ. ಐವತ್ತು ಅರವತ್ತು ಹೆಜ್ಜೆ. ಒಬ್ಬ ಹೆಂಗಸು, ಮೂವತ್ತು ಮೂವತ್ತೈದು ಇರಬಹುದು, ಪುಣೆ ಹುಡುಗಿಯರು ಕಟ್ಟುವ ಹಾಗೆ ಮುಖಕ್ಕೆಲ್ಲ ಸ್ಕಾರ್ಫ್ ಸುತ್ತಿ, ಅದರ ಮೇಲೆ ಹೆಲ್ಮೆಟ್ ಹಾಕಿದ್ದಳು. ಸ್ಕೂಟರ್ ಅಡ್ಡ ಬಿದ್ದಿತ್ತು, ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಹಣ್ಣು ಮಾರುವವನೊಬ್ಬ ಆಗಲೇ ಓಡಿ ಬಂದು ಕೀಲಿ ತಿರುಗಿಸುತ್ತಿದ್ದ. ಅವಳ ಬಲ ಅಂಗೈ ಕಿತ್ತು ಹೋಗಿ, ಚರ್ಮದೊಳಗೆ ಸಣ್ಣ ಸಣ್ಣ ಹರಳು ಕೂತಿದ್ದವು. ಊಟದ ಡಬ್ಬಿ ತೆರೆದುಕೊಂಡು ಮಟಕಿ ಉಸಳ್ ರಸ್ತೆ ಮೇಲೆ ಚೆಲ್ಲಿತ್ತು. ಸ್ಟೀಲ್ ಮುಚ್ಚಳ ಉರುಳಿಕೊಂಡು ಬಂದು ನನ್ನ ಕಾಲ ಹತ್ತಿರ ನಿಂತಿತು. ನಾನು ಅದನ್ನೇ ಎತ್ತಿಕೊಂಡೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

"ವಾಳೂ ಹೋತೀ ಹೋ. ಮಾಝೀಚ್ ಚೂಕ್" ಅಂದಳು. ಮರಳಿತ್ತು, ನನ್ನದೇ ತಪ್ಪು ಅಂತ.

ಅವಳಿಗೆ ಕಂಡಿದ್ದು ಇಷ್ಟೇ: ಮುಂದಿನ ಬಿಳಿ ಕಾರು ತಟ್ಟನೆ ನಿಂತಿತು, ಇವಳು ಬ್ರೇಕ್ ಹಿಡಿದಳು, ಅಂಚಿನ ಮರಳಿನಲ್ಲಿ ಚಕ್ರ ಜಾರಿತು. ಬಿಳಿ ಕಾರು ಯಾಕೆ ನಿಂತಿತು ಅನ್ನುವುದು ಅವಳಿಗೆ ಕಾಣುವಂತಿರಲಿಲ್ಲ. ಹೊರಡುವಾಗ ನನ್ನ ಕಡೆ ತಿರುಗಿ "ಥಾಂಬಲಾತ್ ತೇ ಬರಂ ಝಾಲಂ, ದಾದಾ" ಅಂದಳು. ನಿಂತಿರಿ, ಒಳ್ಳೇದಾಯಿತು ಅಣ್ಣಾ ಅಂತ.

ಮಾಮಾ ಕೋಲೂರಿಕೊಂಡು ಅಷ್ಟು ದೂರ ನಡೆದು ಬಂದು ನಿಂತಿದ್ದರು. ಹತ್ತಾರು ವರ್ಷ ಪುಣೆ ರೂಟಿನಲ್ಲಿ ಓಡಾಡಿದವರು, ಮರಾಠಿ ಚೆನ್ನಾಗಿ ಬರುತ್ತದೆ. ನನ್ನ ಮುಖ ನೋಡಿದರು. ನಾನು ಮುಚ್ಚಳ ಅವಳ ಕೈಗೆ ಕೊಟ್ಟೆ. ಬಾಯಿ ಬಿಡಲಿಲ್ಲ.

ಅವತ್ತಿನ ಸ್ಕೋರ್ ಮಾಮಾ ಹೇಳಲಿಲ್ಲ.

ಆ ಸದ್ದು ನನಗೆ ಕೇಳಲೇ ಇಲ್ಲ ಅನ್ನುವುದು ಇವತ್ತಿಗೂ ಕಾಡುತ್ತದೆ. ಮಾಮಾ ಇಲ್ಲದಿದ್ದರೆ, ಗಾಜು ಏರಿಸಿದ್ದರೆ, ನಾನು ಮೀಟಿಂಗಿಗೆ ಹೋಗಿ ಕೂರುತ್ತಿದ್ದೆ. ಆರು ವರ್ಷ ಎಡ ಕನ್ನಡಿ ಮಡಚಿ, ಗಾಜು ಏರಿಸಿ ಓಡಾಡಿದ್ದೇನೆ. ನನ್ನಿಂದ ಯಾರಿಗೂ ಏನೂ ಆಗಿಲ್ಲ ಅಂತ ಎಷ್ಟು ಧೈರ್ಯವಾಗಿ ಹೇಳುತ್ತಿದ್ದೆ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಅದರಲ್ಲಿ 44.5 ಶೇಕಡಾ ದ್ವಿಚಕ್ರದವರು. ಅಪಘಾತಗಳ ಕಾರಣದ ಪಟ್ಟಿಯಲ್ಲಿ ಅತಿವೇಗದ ಪಾಲು 72 ಶೇಕಡಾಕ್ಕೂ ಜಾಸ್ತಿ. ಪುಣೆ ಹೇಳಿಕೇಳಿ ಸ್ಕೂಟರಿನ ಊರು. ಅಜ್ಜಿಯಂದಿರು ಒಂಬತ್ತು ಗಜದ ಸೀರೆಯಲ್ಲಿ ಸ್ಕೂಟರ್ ಓಡಿಸುವುದನ್ನು ಪೇಠೆಗಳಲ್ಲಿ ನೋಡಿದ್ದೇನೆ. ಇಲ್ಲಿ ಕಾರಿನವನ ಒಂದು ಸಣ್ಣ ಎಳೆತಕ್ಕೆ ಇನ್ನೊಂದು ಕಾರಾದರೆ ಬ್ರೇಕ್ ಹಾಕಿ ಬೈದು ಹೋಗುತ್ತದೆ. ಎರಡು ಚಕ್ರ ಆದರೆ ಬೀಳುತ್ತದೆ. ನಾನು ಬಿಳಿ ಕಾರಿಗೆ ಕೊಟ್ಟದ್ದು ಬೈಗುಳದಷ್ಟು ತೊಂದರೆ. ಅದು ಕೈ ದಾಟಿ ಅವಳ ಹತ್ತಿರ ಬರುವಷ್ಟರಲ್ಲಿ ರಕ್ತ ಆಗಿತ್ತು.

2024ರ ಮೇ 19ರ ಬೆಳಗಿನ ಜಾವ ಇದೇ ಊರಿನ ಕಲ್ಯಾಣಿ ನಗರದಲ್ಲಿ ನಡೆದದ್ದು ಎಲ್ಲರಿಗೂ ನೆನಪಿರುತ್ತದೆ. ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದ ಎನ್ನಲಾದ ದುಬಾರಿ ಕಾರು ಬೈಕಿಗೆ ಗುದ್ದಿ ಇಬ್ಬರು ಎಂಜಿನಿಯರುಗಳು ಸತ್ತರು. ಜಾಮೀನಿನ ಷರತ್ತಿನಲ್ಲಿ ರಸ್ತೆ ಅಪಘಾತದ ಬಗ್ಗೆ 300 ಪದದ ಪ್ರಬಂಧ ಬರೆಯುವುದೂ ಇತ್ತು ಅಂತ ಊರೆಲ್ಲ ಕೊತಕೊತ ಕುದಿಯಿತು. ನಾನೂ ಕುದ್ದೆ, ಕುದಿಯಬೇಕಾದದ್ದೇ. ಆದರೆ ಆ ಸುದ್ದಿ ನನ್ನಂಥವರಿಗೆ ಒಂದು ಅನುಕೂಲವನ್ನೂ ಮಾಡಿಕೊಟ್ಟಿತು. ಅಪಾಯಕಾರಿ ಡ್ರೈವರ್ ಅಂದರೆ ಹೀಗಿರುತ್ತಾನೆ, ಪಬ್ಬಿನಿಂದ ಬರುತ್ತಾನೆ, ಕೋಟಿ ರೂಪಾಯಿ ಕಾರಿನಲ್ಲಿ ಬರುತ್ತಾನೆ ಅಂತ ಒಂದು ಚಿತ್ರ ಸಿಕ್ಕಿತು. ಅದರಲ್ಲಿ ನಾನಿರಲಿಲ್ಲ. ಕಾನೂನು ನೋಡಿದರೆ ಹಾಗೇನಿಲ್ಲ. 2019ರ ತಿದ್ದುಪಡಿ ಆದಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನಲ್ಲಿ ಸಿಗ್ನಲ್ ಮುರಿಯುವುದು, ರಾಂಗ್ ಸೈಡಿನಲ್ಲಿ ಬರುವುದು, ಕೈಯಲ್ಲಿ ಮೊಬೈಲ್ ಹಿಡಿಯುವುದು, ತಪ್ಪಾಗಿ ಓವರ್‌ಟೇಕ್ ಮಾಡುವುದು ಎಲ್ಲವೂ ಅಪಾಯಕಾರಿ ಚಾಲನೆಯೇ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲೂ ಆಗಬಹುದು. ನನ್ನ ಪ್ರಬಂಧ ಮುನ್ನೂರು ಪದ ಯಾವಾಗಲೋ ದಾಟಿದೆ.

ಶುಕ್ರವಾರದಿಂದ ಬೇರೆ ಥರ ಓಡಿಸಲು ಶುರು ಮಾಡಿದೆ. ಮುಂದಿನ ಗಾಡಿಗೂ ನನಗೂ ನಡುವೆ ಎರಡು ಸೆಕೆಂಡಿನಷ್ಟು ಜಾಗ. ಮುಂದಿನವನು ಒಂದು ಕಂಬ ದಾಟಿದ ಮೇಲೆ ನಿಧಾನಕ್ಕೆ "ಒಂದು ಸಾವಿರ, ಎರಡು ಸಾವಿರ" ಅಂತ ಎಣಿಸಿದಾಗ ನಾನು ಆ ಕಂಬಕ್ಕೆ ಬರಬೇಕು. ಯಾಕೆ ಇಷ್ಟು ಜಾಗ ಅಂದರೆ, 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿಬಿಡುತ್ತೇವೆ. ಕಣ್ಣು ನೋಡಿ, ತಲೆಗೆ ತಿಳಿದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಆ ಸೆಕೆಂಡ್ ಮುಗಿದಿರುತ್ತದೆ. 40ರಲ್ಲಿ ಹೋಗುವ ಗಾಡಿಗಿಂತ 60ರಲ್ಲಿ ಹೋಗುವ ಗಾಡಿಯ ಹೊಡೆತ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು.

ಐದು ನಿಮಿಷಕ್ಕೆ ನನ್ನ ತಾಳ್ಮೆ ಮುಗಿಯಿತು. ಜಾಗ ಬಿಟ್ಟಿದ್ದೇ ತಡ, ಒಂದು ರಿಕ್ಷಾ ನುಗ್ಗಿತು. ಆಮೇಲೊಂದು ಟೆಂಪೋ. ಆಮೇಲೆ ಕಂಪನಿಯ ಕ್ಯಾಬ್.

"ನೋಡ್ರಿ ಮಾಮಾ, ಈ ಊರಾಗ ಜಾಗ ಬಿಟ್ಟವ ಕೆಟ್ಟ."

"ನುಗ್ಗಲಿ ಬಿಡು. ಎಷ್ಟ್ ಮಂದಿ ನುಗ್ಗತಾರ, ಎಣಸೂಣು."

ಎಣಿಸಿದೆವು. ಬಾಣೇರ್‌ವರೆಗೆ ಹದಿನಾಲ್ಕು. ನೂರಿನ್ನೂರು ಮಂದಿ ನನ್ನ ತಲೆ ಮೇಲೆ ಹತ್ತಿ ಹೋದ ಹಾಗೆ ಅನಿಸಿತ್ತು. ಹದಿನಾಲ್ಕೇ! ಒಂದು ಗಾಡಿ ಮುಂದೆ ಬಂದರೆ ನಾನು ಎರಡು ಸೆಕೆಂಡ್ ಹಿಂದೆ ಬೀಳುತ್ತೇನೆ. ಹದಿನಾಲ್ಕಕ್ಕೆ 28 ಸೆಕೆಂಡ್. ಮನೆಯಲ್ಲಿ ಲಿಫ್ಟಿಗೆ ಇದಕ್ಕಿಂತ ಜಾಸ್ತಿ ಕಾಯುತ್ತೇನೆ.

ಪಕ್ಕದ ಲೇನ್ ಯಾವಾಗಲೂ ಜೋರಾಗಿ ಹೋಗುತ್ತದೆ ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಕೆನಡಾದ ವೈದ್ಯ ರೆಡೆಲ್‌ಮೀರ್ ಮತ್ತು ಸಂಖ್ಯಾಶಾಸ್ತ್ರಜ್ಞ ಟಿಬ್ಶಿರಾನಿ 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ಎರಡೂ ಲೇನಿನ ಸರಾಸರಿ ವೇಗ ಒಂದೇ ಇದ್ದರೂ ಪಕ್ಕದ್ದೇ ಜೋರು ಅನಿಸುತ್ತದಂತೆ. ನಾವು ಜೋರಾಗಿ ಹೋಗುವಾಗ ಪಕ್ಕದವರು ಒತ್ತೊತ್ತಾಗಿ ನಿಂತಿರುತ್ತಾರೆ, ಹತ್ತು ಗಾಡಿಯನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ದಾಟಿಬಿಡುತ್ತೇವೆ. ಅವರು ಜೋರಾದಾಗ ಬಿಡಿಬಿಡಿಯಾಗಿ ಒಬ್ಬೊಬ್ಬರೇ ನಮ್ಮನ್ನು ದಾಟುತ್ತಾರೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಗೆದ್ದ ಹೊತ್ತು ಚಿಕ್ಕದು, ಸೋತ ಹೊತ್ತು ಉದ್ದ. ಮೇಲಾಗಿ ನಾವು ದಾಟಿದವರು ಬೆನ್ನ ಹಿಂದೆ ಹೋಗುತ್ತಾರೆ, ನಮ್ಮನ್ನು ದಾಟಿದವರು ಕಣ್ಣೆದುರೇ ಇರುತ್ತಾರೆ. ಇದನ್ನು ಓದಿದ ಮೇಲೂ ಪಕ್ಕದ ಲೇನ್ ಜೋರಾಗಿಯೇ ಕಾಣುತ್ತದೆ. ಕಂಡದ್ದನ್ನೆಲ್ಲ ನಂಬದಷ್ಟು ಮಾತ್ರ ಕಲಿತಿದ್ದೇನೆ.

ಮೂರು ವಾರ ಗಡಿಯಾರ ಹಿಡಿದು ಬರೆದಿಟ್ಟೆವು. ಚುರುಕಿನ ದಿನಗಳಲ್ಲಿ 34, 31, 36 ನಿಮಿಷ ಆಗಿತ್ತು. ಸಾವಕಾಶದ ದಿನಗಳಲ್ಲಿ 37, 33, 35, 38. ಇದೇನು ಸಂಶೋಧನೆ ಅಲ್ಲ, ಒಬ್ಬ ಮುದುಕ ಮತ್ತು ಅವನ ಸೋದರಳಿಯ ಹಳೇ ಡೈರಿಯಲ್ಲಿ ಗೀಚಿದ್ದು. ಎರಡು ನಿಮಿಷದ ವ್ಯತ್ಯಾಸ ಅಂದುಕೊಳ್ಳಿ. ಆ ಎರಡು ನಿಮಿಷದಲ್ಲಿ ಆಫೀಸಿನಲ್ಲಿ ನಾನು ಮಾಡಿದ ಘನಕಾರ್ಯ ಒಂದೂ ನೆನಪಾಗುತ್ತಿಲ್ಲ. ಬ್ರೇಕಿನ ಲೆಕ್ಕ ಮಾತ್ರ ಇಳಿಯಿತು. ಎಪ್ಪತ್ತು, ಐವತ್ತೆರಡು, ನಲವತ್ತೊಂದು.

ಇನ್ನೂ ಕೆಲವು ದಿನ ಆಗುವುದಿಲ್ಲ. ಯಾರಾದರೂ ಡಿಪ್ಪರ್ ಹೊಡೆದು ಬೆನ್ನು ಹತ್ತಿದರೆ ಮೈ ಉರಿಯುತ್ತದೆ, ಬೇಕಂತಲೇ ದಾರಿ ಬಿಡುವುದಿಲ್ಲ. ಅದೂ ಒರಟುತನವೇ ಅಂತ ಗೊತ್ತು. ಒಂದು ಸಲ ಹಾಗೆ ಹಠ ಹಿಡಿದಾಗ ಮಾಮಾ ಕೇಳಿದರು, "ಅವಗ ಹೋಗಬೇಕಾಗೇತಿ, ನಿನಗೇನಾಗಬೇಕಾಗೇತಿ?" ಉತ್ತರ ಹೊಳೆಯಲಿಲ್ಲ. ಎಡಕ್ಕೆ ಬಂದೆ.

ಮಾಮಾ ವಾಪಸ್ ಹೊರಟ ದಿನ ರಾತ್ರಿ ಬಸ್ ಹತ್ತಿಸಲು ನವಲೆ ಪುಲ್ ಕಡೆ ಹೋದೆವು. ಬಸ್ ಬರಲು ಇನ್ನೂ ಹೊತ್ತಿತ್ತು. ಎದುರು ಕಾತ್ರಜ್‌ನ ಹೊಸ ಸುರಂಗದ ಕಡೆಯಿಂದ ಲಾರಿಗಳು ಇಳಿಜಾರಿನಲ್ಲಿ ಸಾಲಾಗಿ ಬರುತ್ತಿದ್ದವು. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆಲ್ಲ ಈ ಇಳಿಜಾರು ಗೊತ್ತು. ನಸುಕಿನಲ್ಲಿ ಕಿವಿ ಗುಂಯ್ ಅಂದು ಎಚ್ಚರ ಆಗುತ್ತದೆ, ಕೆಳಗೆ ಪುಣೆಯ ದೀಪ ಕಾಣುತ್ತವೆ. 2022ರ ನವೆಂಬರ್ 20ರ ರಾತ್ರಿ ಇಲ್ಲೇ ಒಂದು ಟ್ರಕ್ಕು ಹತ್ತಾರು ವಾಹನಗಳನ್ನು ಜಜ್ಜಿತ್ತು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸಿದ್ದ ಅಂತ ತನಿಖೆಯಲ್ಲಿ ಹೇಳಿದರು. ಅದಾದ ಮೇಲೂ ಅದೇ ಜಾಗದಲ್ಲಿ ಅಪಘಾತ ನಿಂತಿಲ್ಲ.

"ಹೆಂಗ ಏರತಿ, ಹಂಗ ಇಳೀಬೇಕು" ಅಂದರು ಮಾಮಾ, ಲಾರಿಗಳನ್ನೇ ನೋಡುತ್ತ. ಏರುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ. ಆಗ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್ ಮಾಡಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ. ಡ್ರಮ್ ಕಾದು ಕೆಂಪಾಗಿ ಬ್ರೇಕ್ ಹಿಡಿಯುವುದನ್ನೇ ಬಿಡುತ್ತದೆ. ಇಂಜಿನ್ ಆಫ್ ಮಾಡಿದರಂತೂ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ, ಬ್ರೇಕ್ ಒತ್ತಿದಷ್ಟೂ ಏರ್ ಬ್ರೇಕಿನ ಏರ್ ಮುಗಿಯುತ್ತ ಬರುತ್ತದೆ. "ಎಷ್ಟ್ ಉಳೀತೈತಿ? ಒಂದೆರಡು ನೂರು ರೂಪಾಯಿ ಉಳೀಬಹುದು" ಅಂದರು. ಅಪಘಾತದ ಸುದ್ದಿ ಬಂದಾಗ ನಾವು ಆ ಡ್ರೈವರನನ್ನು ಬೈದು ಮುಗಿಸುತ್ತೇವೆ. ಮಾಮಾ ಕೇಳಿದ್ದು ಬೇರೆ. ಆ ನೂರಿನ್ನೂರು ಉಳಿಸಲೇಬೇಕು ಅನ್ನುವ ಹಾಗೆ ಅವನಿಗೆ ಯಾರು ಸಂಬಳ ಕೊಡುತ್ತಾರೆ, ಎಷ್ಟು ಹೊತ್ತಿಗೆ ಮುಟ್ಟಬೇಕು ಅಂತ ಹೇಳಿ ಕಳಿಸಿರುತ್ತಾರೆ, ಎಷ್ಟು ರಾತ್ರಿ ಮಲಗಿರುವುದಿಲ್ಲ. ಅವರ ಜೊತೆ ಇದ್ದ ಎರಡು ತಿಂಗಳಲ್ಲಿ ಒಮ್ಮೆಯೂ ಒಬ್ಬ ಲಾರಿ ಡ್ರೈವರನನ್ನು ಬೈದದ್ದು ಕೇಳಲಿಲ್ಲ. ಬೈದದ್ದೆಲ್ಲ ನನ್ನನ್ನೇ.

ಬಸ್ ಬಂತು. ಡ್ರೈವರ್ ಹಿಂದಿನ ಸೀಟೇ ಸಿಕ್ಕಿತು. ಹತ್ತಿದ ಮೇಲೆ ಕಿಟಕಿಯಿಂದ ಬೆರಳಿನ ಗೆಣ್ಣು ತೋರಿಸಿದರು. ಈ ಡ್ರೈವರನದ್ದೂ ಎಣಿಸುತ್ತೇನೆ ಅಂತ.

ಮರುದಿನ ಬೆಳಿಗ್ಗೆ ಫೋನ್ ಮಾಡಿದೆ.

"ಎಷ್ಟಾತ್ರಿ ಮಾಮಾ?"

"ಯಾವುದು? ಹಾಂ, ಅದಾ. ಖಂಬಾಟಕಿ ಘಾಟ್ ಬರೂತನಕ ಎಣಸಿದ್ನಿ. ಆಮ್ಯಾಲ ನಿದ್ದಿ ಹತ್ತಿಬಿಡ್ತು ನೋಡು. ಹುಬ್ಬಳ್ಳಿ ಬಂದಾಗ ಕಂಡಕ್ಟರ್ ಎಬ್ಬಿಸಿದಾ."

"ನನ್ನ ಗಾಡ್ಯಾಗ ಎರಡ್ ತಿಂಗಳ ಕುಂತ್ರಿ, ಒಂದಿನಾನೂ ಕಣ್ಣು ಮುಚ್ಚಲಿಲ್ಲಲ್ರಿ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಚಹಾ ಹೀರಿದ ಸದ್ದು ಕೇಳಿತು.

"ನಿಂದು ಇನ್ನೂ ನಲವತ್ತೊಂದು ಐತಿ ತಮ್ಮಾ."